ಅಲೆಯ ಎತ್ತರಕ್ಕೆ ಅಕ್ಕನ ಲೆಕ್ಕ

ನಾಳೆ ನನ್ನ ಕಣ್ಣಿನ ಆಪರೇಷನ್. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿದೆ. ಟಿವಿ ಹಾಕಿದೆ. ಕರಾವಳಿಯಲ್ಲಿ ಅಲೆಗಳ ಎತ್ತರ ಹೆಚ್ಚಲಿದೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂದರು. ಅಲೆಯ ಎತ್ತರ ಅಂದರೆ ಸಾಕು, ಶಿಡ್ಲಘಟ್ಟದ ಅಕ್ಕನ ಮನೆಯ ಬೆಂದ ರೇಷ್ಮೆಗೂಡಿನ ವಾಸನೆ ನನ್ನ ಮೂಗಿಗೆ ಬಡಿಯುತ್ತದೆ. ಸಮುದ್ರಕ್ಕೂ ಅದಕ್ಕೂ ಏನು ಸಂಬಂಧ ಅಂತೀರಾ? ಕೇಳಿ.

ತೊಂಬತ್ತರ ದಶಕದ ಮಾತು. ಭಾವ ಮಂಗಳೂರಿನ ಕಡೆ ಮೀನಿನ ಬೋಟಿನಲ್ಲಿ ಅಡುಗೆಗೆ ಇದ್ದರು. ನಾನು, ಮೀಸೆ ಬಂದ ಎಷ್ಟೋ ವರ್ಷಗಳ ಮೇಲೆ, ಅಕ್ಕನ ಮನೆಯಲ್ಲೇ ಇದ್ದುಕೊಂಡು ಚಿಕ್ಕಬಳ್ಳಾಪುರದ ಸಂಜೆ ಕಾಲೇಜಿಗೆ ಸೇರಿದ್ದೆ. ಕಲಿತದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಒಮ್ಮೆ ರೇಡಿಯೋದಲ್ಲಿ ಸಮುದ್ರ ಪ್ರಕ್ಷುಬ್ಧವಾಗಿದೆ ಎಂದರು. ಆವತ್ತಿನಿಂದ ಭಾವನ ಸುದ್ದಿಯೇ ಇಲ್ಲ. ಮನೆಯಲ್ಲೇ ರೇಷ್ಮೆ ನೂಲು ತೆಗೆಯುವ ಅಕ್ಕ ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆ ಹುಡುಕುತ್ತಿದ್ದಳು. ದಿನವೂ ಸಿಗುವ ಎಳೆ ಅಂದು ಕೈಗೆ ಸಿಗುತ್ತಿರಲಿಲ್ಲ.

"ಈಗ ಆಕಾಶದಿಂದ್ಲೇ ಅಲೆ ಅಳೀತಾರೆ ಕಣಕ್ಕ," ಎಂದೆ, ಸಮಾಧಾನಕ್ಕೆ.

"ಟೇಪು ಇಳಿಬಿಟ್ಟಾ?"

"ಇಲ್ಲಕ್ಕ. ಉಪಗ್ರಹದಲ್ಲಿ ರೇಡಾರ್ ಇರುತ್ತೆ. ಅದು ಮೇಲಿಂದ ಒಂದು ಕೂಗು ಹಾಕುತ್ತೆ ಅಂದ್ಕೋ. ನೀರು ಸಮವಾಗಿದ್ರೆ ಪ್ರತಿಧ್ವನಿ ಒಂದೇ ಏಟಿಗೆ ವಾಪಸ್ ಬರುತ್ತೆ. ಅಲೆ ಇದ್ರೆ ನೆತ್ತಿಯಿಂದ ಮೊದಲು, ತಗ್ಗಿನಿಂದ ಆಮೇಲೆ. ಆ ಪ್ರತಿಧ್ವನಿ ಎಷ್ಟು ಎಳ್ಕೊಂಡು ಬರುತ್ತೋ ಅಲೆ ಅಷ್ಟು ಎತ್ತರ."

"ನಿಮ್ಮ ಭಾವ ಕಾಣ್ತಾರಾ ಅದಕ್ಕೆ?"

"ಇಲ್ಲ."

"ಹಂಗಾದ್ರೆ ಸುಮ್ನಿರಪ್ಪ."

ಆಮೇಲಿನ ದಿನಗಳಲ್ಲಿ ಬಸ್ಸಿನ ಸದ್ದಾದಾಗಲೆಲ್ಲ ಇಬ್ಬರೂ ಬಾಗಿಲಿಗೆ ಹೋಗಿ ಬರುತ್ತಿದ್ದೆವು, ಒಬ್ಬರಿಗೊಬ್ಬರು ಕಾಣದ ಹಾಗೆ.

ಕೊನೆಗೊಂದು ದಿನ ಭಾವ ಬಂದರು, ಮುಖ ಸುಟ್ಟ ಹಾಗೆ ಕಪ್ಪಾಗಿ. ಅಕ್ಕ ಮುದ್ದೆ ಬಡಿಸಿ ಕೇಳಿದಳು. "ಸಮುದ್ರ ಹೆಂಗಿತ್ತು?"

"ಸಮುದ್ರಾನಾ... ಏನಿಲ್ಲ ಕಣೇ... ಒಂಚೂರು ಗಾಳಿ... ಅಷ್ಟೇ."

ಅಕ್ಕ ನನ್ನತ್ತ ತಿರುಗಿದಳು. "ಮಾತು ಎಷ್ಟು ಎಳೆದ್ರು ನೋಡ್ದೇನೋ? ಮನೆಯೆತ್ತರ ಇತ್ತು ಅಲೆ!"

ಭಾವನ ತುತ್ತು ಕೈಯಲ್ಲೇ ಉಳಿಯಿತು. "ಇವಳಿಗೆ ಯಾರು ಹೇಳಿದ್ರು?" ಎಂದು ನನ್ನ ಮುಖ ನೋಡಿದರು. ಅಕ್ಕ ಅವರನ್ನು ಮತ್ತೆ ಬೋಟು ಹತ್ತಲು ಬಿಡಲಿಲ್ಲ. ಚಿಂತಾಮಣಿ ಬಸ್ ಸ್ಟ್ಯಾಂಡಿನ ಹತ್ತಿರ ದೋಸೆ ಹುಯ್ಯುತ್ತಾ ಅವರು ಗಟ್ಟಿ ನೆಲದ ಮೇಲೇ ಉಳಿದರು.

ಇದನ್ನೆಲ್ಲ ನೆನೆಯುತ್ತಾ ಅತ್ತಿಂದಿತ್ತ ತಿರುಗುತ್ತಿರುವಾಗಲೇ ಫೋನ್ ಬಂತು. ಅಕ್ಕನದೇ.

"ನಾಳೆ ಅಲ್ವೇನೋ? ಭಯ ಆಗ್ತಿದ್ಯಾ?"

"ಭಯಾನಾ... ಇಲ್ಲಕ್ಕ... ಸಣ್ಣ ಆಪರೇಷನ್ನು... ಅಷ್ಟೇ."

ಆ ಕಡೆ ಅಕ್ಕ ನಕ್ಕಳು. "ಮೊದಲ ಬಸ್ಸಿಗೆ ಬರ್ತೀನಿ, ಇರು."

ಟಿವಿ ಆರಿಸಿ ಕೂತೆ. ಮತ್ತೆ ಏಳಬೇಕು ಅನ್ನಿಸಲಿಲ್ಲ.