ಅತಿ ಕಡಿಮೆ ತೂಕದ ಚಾಂಪಿಯನ್

ಬಾಲಿಗಂಜಿನ ನಮ್ಮ ಬೀದಿಯ ಕ್ಲಬ್ಬಿನವರು ಬಾಕ್ಸಿಂಗ್ ಪಂದ್ಯಾವಳಿ ಶುರುಮಾಡಿದ್ದು ದುರ್ಗಾಪೂಜೆಯ ಪೆಂಡಾಲು ಬಿಚ್ಚಿದ ಬಿದಿರಿನಿಂದ. ನಾಲ್ಕು ಗಳ ನೆಟ್ಟು ಹಗ್ಗ ಬಿಗಿದರೆ ರಿಂಗ್ ಆಯಿತು. ನಮ್ಮನ್ನು ತೂಗಲು ಅಪ್ಪ ತನ್ನ ಉಡುಪಿ ಹೋಟೆಲಿನಿಂದ ಅಕ್ಕಿ ಮೂಟೆಯ ತಕ್ಕಡಿ ಕಳಿಸಿದ್ದ. ಹುಡುಗಿಯರ ಅತಿ ಕಡಿಮೆ ತೂಕದ ವಿಭಾಗಕ್ಕೆ ಹೆಸರು ಕೊಟ್ಟವರು ಇಬ್ಬರೇ. ಇನ್ನೊಬ್ಬಳು ಬರಲೇ ಇಲ್ಲ. ಒಂದು ಏಟೂ ಹೊಡೆಯದೆ ನನಗೆ ಪದಕ ಬಂತು. ಅಪ್ಪ ಅದನ್ನು ಗಲ್ಲಾದ ಮೇಲಿನ ಕೃಷ್ಣನ ಪಟಕ್ಕೆ ನೇತುಹಾಕಿ, ಬಂದ ಗಿರಾಕಿಗಳಿಗೆಲ್ಲ ಮಗಳು ಚಾಂಪಿಯನ್ ಎಂದು ಕೊರೆಯತೊಡಗಿದ.

ಪಂದ್ಯಾವಳಿ ಬೆಳೆಯಿತು. ಬಿದಿರು ಹೋಗಿ ನಿಜವಾದ ರಿಂಗ್ ಬಂತು, ಡಾಕ್ಟರು ಬಂದರು, ಎಲೆಕ್ಟ್ರಾನಿಕ್ ತಕ್ಕಡಿ ಬಂತು, ಹೌರಾ, ಮೇದಿನೀಪುರದ ಹುಡುಗಿಯರೂ ಬಂದರು. ನಾನೂ ಬೆಳೆದೆ. ಅದೊಂದು ಮಾತ್ರ ಅಪ್ಪನಿಗೆ ಬೇಡವಾಗಿತ್ತು. ನನಗೋ ಒಮ್ಮೆಯಾದರೂ ಎದುರಿಗೊಬ್ಬಳನ್ನು ನಿಲ್ಲಿಸಿಕೊಂಡು ಗುದ್ದಾಡುವ ಆಸೆ. ಮೇಲಿನ ತೂಕಕ್ಕೆ ಹೋಗುತ್ತೇನೆ ಎಂದು ಅಪ್ಪನಿಗೆ ಹೇಳಿದೆ.

"ಅಲ್ಲಿ ಎಮ್ಮೆಗಳ ಹಾಗಿರುವವರು ಬರ್ತಾರೆ ಮಾರಾಯ್ತಿ, ನಿನ್ನ ಮೂಗು ಉಳಿಯುದಿಲ್ಲ. ಇದರಲ್ಲಿ ಜನವೇ ಇಲ್ಲ, ಪದಕ ನಮ್ಮದೇ."

ಪಂದ್ಯ ಹತ್ತಿರ ಬಂದಂತೆ ನನ್ನ ತಟ್ಟೆ ಖಾಲಿಯಾಯಿತು. ಬೆವರಿ ತೂಕ ಇಳಿಯಲೆಂದು ಅಪ್ಪ ಮಳೆಕೋಟು ಹಾಕಿಸಿ ಇಡ್ಲಿ ಬೇಯುವ ಹಬೆಯ ಪಕ್ಕ ನಿಲ್ಲಿಸಿದ. ಬೀದಿಯ ಜನರೆಲ್ಲ ಹೊಟ್ಟೆ ಬಿರಿಯೆ ತಿಂದು ಹೋಗುವ ಹೋಟೆಲಿನಲ್ಲಿ ನಾನು ಉಗುಳು ನುಂಗುತ್ತಿದ್ದೆ. ಅಮ್ಮ ಕದ್ದು ಅರ್ಧ ಇಡ್ಲಿ ಬಾಯಿಗಿಟ್ಟಳು. ಅಪ್ಪ ನೋಡಿಬಿಟ್ಟ. "ಉಗಿ" ಎಂದ. ಅವನನ್ನು ದ್ವೇಷಿಸುತ್ತಲೇ ಉಗಿದೆ.

ತೂಕದಲ್ಲಿ ನಾನು ಪಾಸಾದೆ. ನನ್ನ ಎದುರಾಳಿ, ಮೇದಿನೀಪುರದವಳು, ಕೂದಲೆಳೆಯಷ್ಟು ಹೆಚ್ಚಾಗಿದ್ದಳು. ಅವಳನ್ನು ಹೊರಗೆ ಕಳಿಸಿದರು. ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ ನನಗೆ ಕನಿಕರ ಹುಟ್ಟಲಿಲ್ಲ. ಒಂದು ಬಾಳೆಹಣ್ಣು ಬಿಟ್ಟಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಸಂಜೆ ಖಾಲಿ ರಿಂಗಿನಲ್ಲಿ ರೆಫರಿ ನನ್ನ ಕೈ ಎತ್ತಿದ. ಫೋಟೋ ತೆಗೆಸಿಕೊಳ್ಳಲು ಅಪ್ಪ ಹಲ್ಲು ಕಿರಿಯುತ್ತ ಹಗ್ಗ ದಾಟಿ ಬಂದ. ಗ್ಲೌಸ್ ಇನ್ನೂ ಬಿಚ್ಚಿರಲಿಲ್ಲ. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಅವನ ಎದೆಗೆ ಗುದ್ದಿದೆ. ಬಿದ್ದು ಸಾಯಲಿ ಎಂದೇ ಗುದ್ದಿದೆ.

ಅಪ್ಪ ಅಲುಗಲಿಲ್ಲ. ಮಗಳು ಮುದ್ದಿಗೆ ತಟ್ಟಿದಳೆಂದುಕೊಂಡು ಗಹಗಹಿಸಿ ನಕ್ಕ. ಕ್ಯಾಮೆರಾದವನು ಅದನ್ನೇ ಹಿಡಿದ.

ಆ ಫೋಟೋ ಈಗ ಗಲ್ಲಾದ ಮೇಲಿದೆ. ದೋಸೆ ತಿನ್ನಲು ಬರುವ ಊರ ಕಡೆಯವರು ಅದನ್ನು ನೋಡಿ, ಅಪ್ಪ ಮಗಳು ಅಂದ್ರೆ ಹೀಗಿರಬೇಕು ಅನ್ನುತ್ತಾರೆ.