ಬಾಡಿಗೆಗೆ ಬಂದ ರಾಣಿ

ಓದುವುದು ನನ್ನಿಂದ ಆಗುವುದೇ ಇಲ್ಲ ಎಂದವರು ಭೇರ್ಯದ ಕಡೆಯ ಒಂದು ಊರಿನ ಯಜಮಾನರು. ಹೆಸರು ಬರೆಯುವುದಿಲ್ಲ. ಆ ಊರಿನಲ್ಲೂ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಾಲೆ ನೀರಿನ ಗದ್ದೆ, ಅಕ್ಕಿ ಗಿರಣಿ, ದೊಡ್ಡ ಮೀಸೆ ಮೂರೂ ಇದ್ದುದರಿಂದ ವರ್ಷವರ್ಷವೂ ಪೌರಾಣಿಕ ನಾಟಕದಲ್ಲಿ ದುಷ್ಟರಾಜನ ಪಾತ್ರ ಅವರದೇ. ‘ಬಣ್ಣದೋಳ ಮಗಳು ಬಣ್ಣದೋಳೇ ಆಗೋದು ಕಣವ್ವ. ಓದು ಗೀದು ಎಲ್ಲ ನಿಮ್ಮಂತೋರ್‍ಗಲ್ಲ ಬುಡು’ ಎಂದರು. ನಾನಾಗ ಏಳನೇ ಕ್ಲಾಸು. ಅವರಿಗೆ ಆ ಮಾತು ಮರೆತಿರಬಹುದು. ನಾನು ಅದನ್ನು ಮರೆಯದೆ ಇಟ್ಟುಕೊಂಡೇ ಡಿಗ್ರಿ ಮಾಡಿದೆ, ಇಟ್ಟುಕೊಂಡೇ ನಾಟಕದ ತಂಡ ಕಟ್ಟಿದೆ.

ನನ್ನವ್ವ ಹೆಣ್ಣುಪಾತ್ರದವಳು. ನಮ್ಮ ಕಡೆ ಊರಿನ ಗಂಡಸರು ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿಕೊಂಡು ತಿಂಗಳುಗಟ್ಟಲೆ ಹಾಡು, ಮಾತು ಕಲಿತು ನಾಟಕ ಆಡುತ್ತಾರೆ. ತಮ್ಮ ಮನೆ ಹೆಂಗಸರನ್ನು ಮಾತ್ರ ಸ್ಟೇಜು ಹತ್ತಿಸುವುದಿಲ್ಲ. ರಾಣಿಯೂ ಹೊರಗಿನವಳು, ರಾಣಿಗೆ ಚಾಮರ ಬೀಸುವವಳೂ ಹೊರಗಿನವಳು. ಸೀನರಿ, ಲೈಟು, ಕಿರೀಟ, ಗದೆ ತುಂಬಿಕೊಂಡು ಹುಣಸೂರಿನಿಂದ ಹೊರಡುತ್ತಿದ್ದ ಟೆಂಪೋದಲ್ಲೇ ಅವ್ವನೂ ಕೂತುಕೊಂಡು ಹೋಗುತ್ತಿದ್ದಳು. ಮನೆಯಲ್ಲಿ ಬಿಡಲು ಯಾರೂ ಇಲ್ಲದ ಕಾರಣ ಜೊತೆಗೆ ನಾನು. ಗದೆಗಳ ಮೇಲೆ ತಲೆಯಿಟ್ಟು ಮಲಗಿ ಸುತ್ತಲ ನಾಲ್ಕೂ ತಾಲ್ಲೂಕು ನೋಡಿದವಳು ನಾನು.

ಆ ಊರಿನ ನಾಟಕದಲ್ಲಿ ಸೋತ ರಾಜನ ಹೆಂಡತಿಯನ್ನು ಸಭೆಗೆ ಎಳೆದು ತರುವ ದೃಶ್ಯವಿತ್ತು. ದುಷ್ಟರಾಜ ತೊಡೆ ತಟ್ಟಿ ‘ಬಾ, ಇಲ್ಲಿ ಕೂರು’ ಎಂದು ಕರೆಯಬೇಕು, ರಾಣಿ ಅಳುತ್ತ ದೇವರಿಗೆ ಮೊರೆಯಿಡುವ ಹಾಡು ಹಾಡಬೇಕು. ಯಜಮಾನರು ತೊಡೆ ತಟ್ಟಿದರು. ಜನ ಶಿಳ್ಳೆ ಹೊಡೆದರು. ‘ಒನ್ಸ್ ಮೋರ್’ ಎಂದರು. ಮತ್ತೆ ತಟ್ಟಿದರು. ಅವ್ವ ಹಾಡು ಶುರು ಮಾಡಿದ ಹೊತ್ತಿಗೆ ಸರಿಯಾಗಿ ಅವರ ನೆಂಟರಿಷ್ಟರು ಹಾರ ಹಿಡಿದು ಸ್ಟೇಜು ಹತ್ತಿದರು. ಇದು ನಮ್ಮ ಕಡೆಯ ಪದ್ಧತಿ. ನಾಟಕದ ನಡುವೆಯೇ ಮನೆಯವರು ಬಂದು ತಮ್ಮ ಪಾತ್ರಧಾರಿಗೆ ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಮೈಕಿನಲ್ಲಿ ಮಾವ, ಭಾವ, ಷಡ್ಡಕರ ಹೆಸರೆಲ್ಲ ಕೂಗಿಯಾಯಿತು. ಅಷ್ಟು ಹೊತ್ತೂ ಅವ್ವ ಕೂದಲು ಬಿಚ್ಚಿಕೊಂಡು, ಸೆರಗು ಎದೆಗೊತ್ತಿಕೊಂಡು, ಅರ್ಧ ಸಾಲು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಅವಳಿಗೆ ಹಾರ ತರುವವರು ಆ ಊರಿನಲ್ಲಿ ಯಾರಿದ್ದರು?

ಬೆಳಗಾಗಿ ನಾಟಕ ಮುಗಿದ ಮೇಲೆ ಪಾತ್ರಧಾರಿಗಳನ್ನು ಒಬ್ಬೊಬ್ಬರಾಗಿ ಕೂಗಿ ಸರ್ಟಿಫಿಕೇಟು ಕೊಟ್ಟರು. ಅವ್ವ ಮುಖದ ಬಣ್ಣ ತೊಳೆಯದೆ ಪರದೆ ಪಕ್ಕದಲ್ಲಿ ಕಾಯುತ್ತಿದ್ದಳು. ಕೂಗಿದಾಗ ರಾಣಿಯಾಗೇ ಹೋಗಬೇಕು ಎಂದು ಅವಳ ಆಸೆ. ಈಟಿ ಹಿಡಿದು ಸುಮ್ಮನೆ ನಿಂತಿದ್ದ ದ್ವಾರಪಾಲಕನನ್ನೂ ಕೂಗಿದರು. ಅವ್ವನನ್ನು ಕೂಗಲಿಲ್ಲ. ನಾನೇ ಹೋಗಿ ಯಜಮಾನರನ್ನು ಕೇಳಿದೆ, ನಮ್ಮವ್ವಂಗೆ ಯಾಕೆ ಇಲ್ಲ ಅಂತ. ಅವರು ಸುತ್ತ ನಿಂತಿದ್ದವರ ಕಡೆ ನೋಡಿ ನಕ್ಕರು.

‘ಬಾಡಿಗೆ ಸಾಮಾನ್ಗೆ ಯಾರಾದ್ರೂ ಸರ್ಟಿಫಿಕೇಟ್ ಕೊಡ್ತಾರೇನವ್ವ? ಸೀನರಿ ಬಾಡಿಗೆ, ಲೈಟ್ ಬಾಡಿಗೆ, ರಾಣಿ ಬಾಡಿಗೆ. ಕೊಟ್ರೆ ಎಲ್ಲಾರ್‍ಗೂ ಕೊಡ್ಬೇಕಾಯ್ತದೆ, ಜನರೇಟರ್‌ಗೂವೆ!’

ಎಲ್ಲರೂ ನಕ್ಕರು. ನಾನು ಓದಿ ದೊಡ್ಡವಳಾಗಿ ನಿಮಗೆ ತೋರಿಸ್ತೀನಿ ಎಂದೆ. ಆಗ ಬಂದದ್ದೇ ಆ ‘ಬಣ್ಣದೋಳ ಮಗಳು’ ಮಾತು.

ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಮಾಡಿದೆ. ನಾಟಕದ ಸೀಸನ್ನೂ ಪರೀಕ್ಷೆಯೂ ಒಟ್ಟಿಗೇ ಬರುತ್ತವೆ. ಟೆಂಪೋದಲ್ಲಿ ಓದಿದೆ, ಬಣ್ಣ ಹಚ್ಚುವ ಚೌಕಿಯಲ್ಲಿ ಓದಿದೆ, ಒಮ್ಮೆ ಫೇಲೂ ಆದೆ, ಮತ್ತೆ ಕಟ್ಟಿದೆ. ನಮ್ಮ ವಂಶದಲ್ಲಿ ಡಿಗ್ರಿ ಎನ್ನುವುದನ್ನು ಮುಟ್ಟಿದವಳು ನಾನೊಬ್ಬಳೇ. ಸರ್ಟಿಫಿಕೇಟು ತಂದು ಅವ್ವನ ಕೈಗಿಟ್ಟಾಗ ಅವಳು ಕೇಳಿದ್ದು ಒಂದೇ. ‘ನಿನ್ ಹೆಸ್ರು ಕೂಗಿ ಕೊಟ್ರಾ?’

‘ಇಲ್ಲ ಕಣವ್ವ, ಕಿಟಕೀಲಿ ಕೊಟ್ರು. ಸೈನ್ ಮಾಡಿ ಈಸ್ಕೊಂಡೆ.’

‘ಓದ್ದೋರ್‍ಗೂ ಅಂಗೇನಾ?’ ಎಂದು ಅದನ್ನು ಬಣ್ಣದ ಪೆಟ್ಟಿಗೆಯೊಳಗೆ ಇಟ್ಟಳು.

ನಾಟಕ ಆಡಿಸುವ ಕೆಲಸವನ್ನು ನಾನು ಯಾವ ಶಾಲೆಯಲ್ಲೂ ಕಲಿತವಳಲ್ಲ. ಕಾಲೇಜಿನ ವಾರ್ಷಿಕೋತ್ಸವದಿಂದ ಶುರುವಾಯಿತು. ಬೀಚನಹಳ್ಳಿಯಲ್ಲಿ ಅಣೆಕಟ್ಟೆ ನೌಕರರ ಹೆಂಡಂದಿರನ್ನು ಸೇರಿಸಿ ಒಂದು ಹಾಡುನಾಟಕ ಮಾಡಿದೆ. ಅರ್ಧದಲ್ಲಿ ಕರೆಂಟು ಹೋದರೂ ಅವರು ಹಾಡು ನಿಲ್ಲಿಸಲಿಲ್ಲ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ ಮುಗಿದು ಬ್ಯಾರನ್ ಮನೆ ಖಾಲಿಯಾದ ಮೇಲೆ ಅದರೊಳಗೇ ತಾಲೀಮು ಮಾಡಿದೆವು. ಗೋಡೆಗೆ ಹತ್ತಿದ ಘಾಟಿಗೆ ರಾಜಕುಮಾರಿ ಸೀನುತ್ತಲೇ ಪ್ರೇಮಗೀತೆ ಕಲಿತಳು. ಪೊಲೀಸ್ ಸ್ಟೇಷನ್ನಿನ ಪರ್ಮಿಷನ್, ಕೈಕೊಡುವ ಜನರೇಟರ್, ಕುಡಿದು ಬರುವ ತಬಲದವನು, ಎಲ್ಲವನ್ನೂ ಸಂಭಾಳಿಸಿದೆ. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ನಿರ್ಮಾಪಕಿ ಎಂದಿದೆ. ಜನ ‘ನಾಟಕದಕ್ಕ’ ಅನ್ನುತ್ತಾರೆ.

ಒಂದು ಕೆಲಸವನ್ನು ಮಾತ್ರ ಬೇಕೆಂದೇ ಮಾಡಿದೆ. ಟೆಂಪೋ ಹತ್ತಿ ಊರೂರಿಗೆ ಹೋಗುತ್ತಿದ್ದ ಹೆಣ್ಣುಪಾತ್ರದವರನ್ನೆಲ್ಲ ಒಬ್ಬೊಬ್ಬರಾಗಿ ನನ್ನ ತಂಡಕ್ಕೆ ಸೇರಿಸಿಕೊಂಡೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನವರು. ಇನ್ನು ಮೇಲೆ ರಾಣಿ ಬೇಕೆಂದರೆ ನನ್ನ ಬಾಗಿಲಿಗೇ ಬರಬೇಕು. ಯಾರು ಬರಲಿ ಎಂದು ಕಾಯುತ್ತಿದ್ದೆನೋ ಅವರೂ ಬಂದರು.

ಕೆ.ಆರ್. ನಗರದಲ್ಲಿ ಕಿರೀಟ, ಗದೆ ಇಟ್ಟಿರುವ ಮಳಿಗೆಯೇ ನನ್ನ ಆಫೀಸು. ಯಜಮಾನರು ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಮೀಸೆ ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಲಿಲ್ಲ.

‘ನೋಡ್ ತಾಯಿ, ನಂಗೂ ವಯಸ್ಸಾಯ್ತು. ಕೊನೇದಾಗಿ ಒಂದ್ಸಲ ಆ ಪಾರ್ಟ್ ಮಾಡ್ಬುಟ್ರೆ ಸಾಕು. ನಮ್ಮೂರ್ ಹುಡುಗ್ರು ನೀವೇ ಆಡಿಸ್ಬೇಕು ಅಂತವ್ರೆ. ಒಂದು ಒಳ್ಳೆ ರಾಣೀನ ಕಳಿಸ್ಕೊಡಿ.’

ಆಗಲ್ಲ ಎನ್ನಬಹುದಿತ್ತು. ಆದರೆ ಆಗಲ್ಲ ಎಂದರೆ ಬೈದುಕೊಂಡು ಹೋಗುತ್ತಾರೆ, ವಾರದಲ್ಲಿ ಮರೆಯುತ್ತಾರೆ. ಅಷ್ಟು ಸಣ್ಣದಕ್ಕೆ ನಾನು ಇಷ್ಟು ವರ್ಷ ಕಾದಿರಲಿಲ್ಲ.

‘ಆಡಿಸ್ತೀನಿ ಯಜಮಾನ್ರೇ. ನಾಟಕದ ಮಧ್ಯ ಯಾರೂ ಹಾರ ತಗೊಂಡು ಸ್ಟೇಜ್ ಹತ್ತಂಗಿಲ್ಲ. ಇನ್ನೊಂದು, ರಾಣೀನ ನಾನು ಬಾಡಿಗೆಗೆ ಕಳಿಸಲ್ಲ. ನಿಮ್ಮೂರ ಹೆಣ್ಣುಮಗಳೇ ರಾಣಿ ಆಗ್ಬೇಕು. ನಾವು ಕಲಿಸ್ತೀವಿ.’

‘ನಮ್ಮೂರ್ ಹೆಣ್ಮಕ್ಕಳಾ? ಅದೆಂಗಾದಾತು?’

‘ಆಗ್ದಿದ್ರೆ ಬುಡಿ.’

ಅವರು ಗೋಡೆಗೆ ತೂಗುಹಾಕಿದ್ದ ಕಿರೀಟವನ್ನೇ ನೋಡುತ್ತ ಕೂತರು. ಪಾತ್ರದ ಆಸೆ ಕೆಟ್ಟದ್ದು, ಒಪ್ಪಿದರು. ಊರಿನಲ್ಲಿ ಯಾವ ಹೆಣ್ಣುಮಗಳೂ ಮುಂದೆ ಬರುವುದಿಲ್ಲ, ಕೊನೆಗೆ ನಾನೇ ಯಾರನ್ನಾದರೂ ಕಳಿಸುತ್ತೇನೆ ಎಂದುಕೊಂಡಿದ್ದರು ಅಂತ ಕಾಣುತ್ತದೆ. ಮೊದಲ ದಿನವೇ ಒಬ್ಬಳು ಬಂದಳು. ಅವರ ಮೊಮ್ಮಗಳು. ಕಡೇ ವರ್ಷದ ಡಿಗ್ರಿ ಓದುತ್ತಿದ್ದಳು, ಗಂಟಲು ಚೆನ್ನಾಗಿತ್ತು. ನಾನು ಕೂಗಿ ಕರೆದವಳಲ್ಲ. ಬಂದವಳನ್ನು ಬೇಡ ಎನ್ನಲೂ ಇಲ್ಲ.

ರಾಣಿಯ ಪಾತ್ರ ಕಲಿಸಲು ಅವ್ವನನ್ನು ಕರೆದುಕೊಂಡು ಹೋದೆ. ಸಮುದಾಯ ಭವನದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ನೋಯುವ ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಅವಳನ್ನು ಯಜಮಾನರು ದಿಟ್ಟಿಸಿ ನೋಡಿದರು. ‘ಎಲ್ಲೋ ನೋಡ್ದಂಗದೆ.’

‘ನೋಡಿದ್ದೀರ. ನೀವು ತೊಡೆ ತಟ್ಟಿ ಕರೀತಿದ್ರಲ್ಲ, ಅದು ನಾನೇ ಕಣ್ರೀ’ ಎಂದಳು ಅವ್ವ. ‘ಇವಳು ನನ್ ಮಗಳು.’

ಅವರು ನನ್ನ ಮುಖ ನೋಡಿದರು. ಕೋಲು ಎತ್ತಿ ಬೇರೆ ಕಡೆ ಇಟ್ಟರು. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಊರಿಗೆಲ್ಲ ಗೊತ್ತಾಗಿತ್ತು, ಯಜಮಾನರ ಕೊನೇ ಪಾರ್ಟು ಎಂದು.

ತಾಲೀಮಿನಲ್ಲಿ ಸಭೆಯ ದೃಶ್ಯ ಬಂದಾಗಲೆಲ್ಲ ಅವರಿಗೆ ಕೆಮ್ಮು. ‘ಈ ಜಾಗ ಬುಡು, ಸ್ಟೇಜ್ ಮೇಲೆ ಮಾಡ್ತೀನಿ. ನಂಗೇನು ಹೊಸ್ದಾ?’ ಹಾರ್ಮೋನಿಯಂ ಮೇಷ್ಟ್ರು ಹೂಂ ಎಂದು ಮುಂದಕ್ಕೆ ಹೋಗುತ್ತಿದ್ದರು. ಒಂದು ಸಂಜೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು.

‘ಆ ತೊಡೆ ತಟ್ಟೋದು ತೆಗ್ದಾಕ್ಬುಡವ್ವ. ಮಗೀನ ಮುಂದೆ ಎಂಗನ್ಲಿ?’

‘ಕಥೆ ನಾನು ಬರ್ದಿದ್ದಲ್ಲ ಯಜಮಾನ್ರೇ. ಮುಂಚೆ ಅಂತಿದ್ರಲ್ಲ, ಒನ್ಸ್ ಮೋರ್ ಬೇರೆ.’

‘ಅವಾಗ...’ ಎಂದರು. ಅಷ್ಟಕ್ಕೇ ನಿಲ್ಲಿಸಿದರು. ಅವಾಗ ರಾಣಿ ಬಾಡಿಗೆಯವಳು. ಅದನ್ನು ಅವರ ಬಾಯಿಂದಲೇ ಕೇಳಬೇಕು ಎಂದು ಕಾದೆ. ಅವರು ಕೋಲೂರಿಕೊಂಡು ತಾಲೀಮಿಗೆ ಮರಳಿದರು.

ನಾಟಕದ ಸಂಜೆ ಊರಿಗೆ ಊರೇ ಸೇರಿತ್ತು. ನಾನು ಮೆಟ್ಟಿಲ ಹತ್ತಿರವೇ ನಿಂತೆ. ಅವರ ತಮ್ಮನ ಮಗ ಟವಲ್ಲಿನೊಳಗೆ ಹಾರ ಮುಚ್ಚಿಕೊಂಡು ಬಂದ.

‘ಏನಕ್ಕ, ನಮ್ ದೊಡ್ಡಪ್ಪಂಗೆ ಒಂದು ಹಾರ ಆಕ್ಬಾರ್ದಾ?’

‘ನಾಟಕ ಮುಗೀಲಿ, ಲಾರಿ ತುಂಬ ಹಾಕಪ್ಪ.’

ಸಭೆಯ ದೃಶ್ಯ ಬಂತು. ಕೂದಲು ಬಿಚ್ಚಿದ ರಾಣಿಯನ್ನು ತಂದು ನಿಲ್ಲಿಸಿದರು. ಹಾರ್ಮೋನಿಯಂ ಒಂದು ಸ್ವರ ಹಿಡಿದು ಕಾಯಿತು. ಹಿಂದಿನಿಂದ ಯಾವನೋ ಹಳೇ ಅಭ್ಯಾಸಕ್ಕೆ ಶಿಳ್ಳೆ ಹೊಡೆದ. ಪಕ್ಕದವನು ‘ಮುಚ್ಲಾ, ಯಜಮಾನ್ರ ಮೊಮ್ಮಗಳು ಕಣ್ಲಾ’ ಎಂದು ಅವನ ಬೆನ್ನಿಗೆ ಗುದ್ದಿದ. ಸಿಂಹಾಸನದ ಮುಂದೆ ನಿಂತ ದುಷ್ಟರಾಜನ ಬಲಗೈ ಮೇಲೆದ್ದಿತು. ಅಲ್ಲೇ ನಿಂತಿತು. ತುಟಿಗಳು ಅಲುಗಿದವು, ಮಾತು ಬರಲಿಲ್ಲ.

‘ಹೇಳು ತಾತ’ ಎಂದು ರಾಣಿ ತಲೆ ತಗ್ಗಿಸಿಕೊಂಡೇ ಪಿಸುಗುಟ್ಟಿದಳು. ಸೆರಗಿಗೆ ಸಿಕ್ಕಿಸಿದ್ದ ಕಾಲರ್ ಮೈಕು ಅದನ್ನು ಇಡೀ ಊರಿಗೆ ಕೇಳಿಸಿತು.

ತಾತ ಹೇಳಲಿಲ್ಲ. ಪರದೆಯವನು ಹಗ್ಗಕ್ಕೆ ಕೈ ಹಾಕಿದ. ನಾನು ಅವನ ಕೈ ಹಿಡಿದುಕೊಂಡೆ. ‘ಬುಡಬೇಡ.’ ಪಕ್ಕದಿಂದ ಅವ್ವ ಹಾಡು ಎಂದು ಬೆರಳೆತ್ತಿದಳು. ಹುಡುಗಿ ರಾಜನ ಕರೆಯಿಲ್ಲದೆಯೇ ಮೊರೆಯ ಹಾಡಿಗೆ ಇಳಿದಳು. ಪೂರ್ತಿ ಹಾಡಿದಳು, ಒಂದು ಸಾಲೂ ಬಿಡದೆ. ಅಷ್ಟು ಹೊತ್ತೂ ದುಷ್ಟರಾಜ ಅರ್ಧ ಎತ್ತಿದ ಕೈಯಲ್ಲಿ, ಕಿರೀಟದ ಭಾರದಲ್ಲಿ, ಎಲ್ಲರ ಕಣ್ಣೆದುರು ನಿಂತಿದ್ದರು. ನಿಲ್ಲಲಿ ಎಂದುಕೊಂಡೆ. ನನ್ನವ್ವ ನಿಂತಿದ್ದಳಲ್ಲ. ನನಗೆ ತುಂಬ ಸಂತೋಷವಾಯಿತು. ಬರೆದುಕೊಳ್ಳಲು ನಾಚಿಕೆಯೇನಿಲ್ಲ, ಈಗ ನೆನೆದರೂ ಆಗುತ್ತದೆ.

ನಾಟಕ ಮುಗಿದ ಮೇಲೆ ಸರ್ಟಿಫಿಕೇಟು. ಊರಿಗೆ ಹಿರಿಯರು, ಅವರ ಕೈಯಿಂದಲೇ ಕೊಡಿಸಬೇಕು ಎಂದು ನಾನೇ ಮೈಕಿನಲ್ಲಿ ಕರೆದೆ. ಬಣ್ಣ ತೊಳೆಯಲು ಬಿಡಲಿಲ್ಲ. ಒಬ್ಬೊಬ್ಬರ ಹೆಸರನ್ನೂ ನಿಧಾನವಾಗಿ ಕೂಗಿದೆ. ಪಾತ್ರಧಾರಿಗಳು, ಮೇಷ್ಟ್ರು, ತಬಲದವನು, ಪರದೆ ಎಳೆಯುವವನು. ಜನರೇಟರ್ ನೋಡಿಕೊಳ್ಳುವವನನ್ನೂ ಕೂಗಿದೆ. ಅವನು ಪಂಚೆ ಇಳಿಸಿಕೊಂಡು ಓಡಿ ಬಂದ. ಯಜಮಾನರು ಒಮ್ಮೆ ನನ್ನ ಕಡೆ ತಿರುಗಿದರು. ಅವರಿಗೂ ಮರೆತಿರಲಿಲ್ಲ ಎಂದು ಆಗ ತಿಳಿಯಿತು.

ಕೊನೆಯದು ಅವ್ವನದು. ಹೆಸರು ಕೂಗಿ, ‘ರಾಣಿ ಪಾತ್ರದ ಹಿರಿಯ ಕಲಾವಿದೆ’ ಎಂದೆ. ಯಜಮಾನರ ಮೊಮ್ಮಗಳು ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಅವ್ವ ಬಿಳೀ ಸೀರೆಯಲ್ಲಿ ಬಂದು ನಿಂತಳು, ಅವರು ಮೀಸೆಯ ಮೇಲೆ ಇನ್ನೊಂದು ಮೀಸೆ ಬರೆದುಕೊಂಡು ಎದುರಿಗೆ ನಿಂತರು. ಒಂದು ಕೈಯಲ್ಲಿ ಸರ್ಟಿಫಿಕೇಟು ಚಾಚಿದವರು, ಏನನ್ನಿಸಿತೋ, ಕೋಲನ್ನು ಮೊಮ್ಮಗಳಿಗೆ ಕೊಟ್ಟು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವ್ವ ಈಸಿಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಮೈಕಿಗೂ ಕೇಳುವಂತೆ ಕೇಳಿದಳು:

‘ಇದೂ ಬಾಡಿಗೆದಾ ಯಜಮಾನ್ರೇ, ಇಲ್ಲ ಮನೇಗ್ ತಗೊಂಡೋಗ್ಬೋದಾ?’