ಬೇವಿನ ಗೊಂಬೆಗೆ ನಾನು ಹಾಕಿದ ಹಂದರ

ಕೆರೆಯ ಏರಿಯ ಮೇಲಿನ ಬೇವಿನ ಮರಗಳು ಉಳಿದವು. ಉಳಿಸಿದವಳು ನನ್ನ ಮೊಮ್ಮಗಳು. ಐದನೇ ಇಯತ್ತೆಯ ಹುಡುಗಿ, ಬಟ್ಟೆಯ ಗೊಂಬೆಯನ್ನು ಕೈಗೆ ತೊಟ್ಟು ಊರಿನ ಪಂಚರ ಮನಸ್ಸನ್ನೇ ತಿರುಗಿಸಿದಳು. ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಮರುಗಳಿಗೆಯೇ ತಲೆ ತಗ್ಗುತ್ತದೆ.

ಎಂಬತ್ತರ ದಶಕದ ಮಾತು. ನವಲಗುಂದದ ಕಡೆಯ ನಮ್ಮೂರಿನಲ್ಲಿ ಮಳೆ ಮೊದಲಿನಂತೆ ಬರುತ್ತಿರಲಿಲ್ಲ, ಬಿಸಿಲು ಮಾತ್ರ ಏರುತ್ತಲೇ ಇತ್ತು. ಕುಡಿಯಲು ಕೆರೆಯ ನೀರೇ ಗತಿ. ಅದಕ್ಕೆ ನೆರಳಾಗಿದ್ದ ಬೇವಿನ ಸಾಲನ್ನು ಉರುವಲಿಗೆಂದು ಇಟ್ಟಿಗೆ ಭಟ್ಟಿಯವನಿಗೆ ಕೊಟ್ಟುಬಿಡೋಣ ಎಂದು ಪಂಚರು ಮಾತಾಡಿಕೊಂಡಿದ್ದರು. ಅದು ಕಿವಿಗೆ ಬಿದ್ದು ಶಾಲೆಯ ಮಾಸ್ತರರು ಮರ ಉಳಿಸಿರೆಂದು ಮಕ್ಕಳಿಂದ ಗೊಂಬೆಯಾಟ ಆಡಿಸಲು ಹೊರಟರು. ಮಕ್ಕಳು ಕಾಗದ ನೆನೆಸಿ, ಮೆಂತ್ಯದ ಹಿಟ್ಟು ಹಾಕಿ ರುಬ್ಬಿ, ನಮ್ಮ ಹೆಣ್ಣುಮಕ್ಕಳು ಬುಟ್ಟಿಗೆ ಬಳಿಯುವ ಆ ಮುದ್ದೆಯಿಂದಲೇ ಗೊಂಬೆಗಳ ಮುಖ ಮಾಡಿ, ಕೈ ತೂರಿಸಲು ಬಟ್ಟೆಯ ಅಂಗಿ ಹೊಲಿದರು. ಬೇವಿನ ಮರವಾಗಿ ಮಾತಾಡುವ ಗೊಂಬೆ ನನ್ನ ಮೊಮ್ಮಗಳ ಪಾಲಿಗೆ ಬಂತು.

ನನ್ನ ಹಿಗ್ಗು ಕೇಳಬೇಡಿ. ನಮ್ಮಲ್ಲಿ ಶುಭಕಾರ್ಯವೆಂದರೆ ಮೊದಲು ಹಸಿರು ಹಂದರ ಏಳಬೇಕು. ನಾಲ್ಕು ಜನರ ಮುಂದೆ ಮೊದಲ ಸಲ ನಿಲ್ಲುವ ಮೊಮ್ಮಗಳನ್ನು ಬಟಾಬಯಲಿನಲ್ಲಿ ನಿಲ್ಲಿಸುವುದೇ? ಕೊಡಲಿ ಹಿಡಿದು ಹೋದೆ. ಆಟದ ಜಾಗಕ್ಕೆ ಹತ್ತಿರವಿದ್ದದ್ದು ಏರಿಯ ಮೊದಲ ಬೇವು. ಅದನ್ನೇ ಹತ್ತಿ, ಟೊಂಗೆ ಟೊಂಗೆ ಕಡಿದು, ಮಧ್ಯಾಹ್ನದೊಳಗೆ ಚಂದದ ಹಂದರ ಎಬ್ಬಿಸಿದೆ. ಹಿಂದೆ ಮರ ಬೋಳಾಗಿ ನಿಂತಿತ್ತು. ನನಗೆ ಕಂಡದ್ದು ಹಂದರವೊಂದೇ.

ಇಳಿಹೊತ್ತಿಗೆ ಊರು ಕೂಡಿತು. ಬಾಜೂ ಮನೆಯವನು ಹಂದರ ನೋಡಿದ, ಮರ ನೋಡಿದ. ಎಲ್ಲರಿಗೂ ಕೇಳುವಂತೆ, “ಕಾಕಾ, ಭಟ್ಟಿಯಾಂವ ಬರೂದರಾಗ ಅರ್ಧಾ ಕೆಲಸಾ ನೀನ ಮುಗಿಸಿಟ್ಟಿಯಲ್ಲ” ಎಂದ. ಜನ ನಕ್ಕರು.

ಗೊಂಬೆ ಹಿಡಿದು ಬಂದ ಮೊಮ್ಮಗಳು ಹಂದರದ ಕೆಳಗೆ ನಿಂತುಬಿಟ್ಟಳು.

“ಅಜ್ಜಾ, ಇನ್ನ ನನ್ನ ಮಾತು ಯಾರು ಕೇಳ್ತಾರ?”

ಕಿತ್ತುಹಾಕುತ್ತೇನೆ ಎಂದು ಗಳಕ್ಕೆ ಕೈ ಹಾಕಿದೆ. ಬೇಡವೆಂದು ತಲೆಯಾಡಿಸಿ, ಕಣ್ಣೊರೆಸಿಕೊಂಡು ಪರದೆಯ ಹಿಂದೆ ಹೋದಳು.

ಆಟ ಸುರುವಾಯಿತು. ಬೇವಿನ ಗೊಂಬೆ ಪರದೆಯ ಮೇಲೆ ಬಂದದ್ದೇ, ಕಲಿಸಿದ ಮಾತು ಬಿಟ್ಟು ಹಂದರದ ಕಡೆ ಮುಖ ತಿರುವಿತು.

“ಮದುವಿ ಆದ್ರ ನನ್ನ ಕಡಿತೀರಿ, ಭಟ್ಟಿ ಹಚ್ಚಿದ್ರ ನನ್ನ ಕಡಿತೀರಿ. ಇವತ್ತ ನನ್ನ ಉಳಸಾಕ ಬಂದಾವರೂ ಮದಲ ನನ್ನ ಕಡದಾರ. ನಾ ಯಾರ ಕಡೆ ಹೋಗ್ಲಿ?”

ಮೊದಲು ನಗು ಎದ್ದಿತು, ಆಮೇಲೆ ಯಾರೂ ನಗಲಿಲ್ಲ. ಆಟ ಮುಗಿದ ಮೇಲೆ ಹಿರಿಯ ಪಂಚರು ಎದ್ದು, ಏರಿಯ ಗಿಡ ಯಾರಿಗೂ ಕೊಡುವುದಿಲ್ಲ ಎಂದರು. ಉಳಿದವರೂ ಹೂಂ ಎಂದರು.

ಅಲ್ಲೇ ನಾನು ನಿಜ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಜನ ಬಂದು, ಹಂದರವೂ ಆಟದ ಭಾಗವೇ ಇರಬೇಕು, ಮುದುಕ ಅಗದಿ ಶಾಣ್ಯಾ ಎಂದು ಬೆನ್ನು ತಟ್ಟಿದರು. ನಾನು ರುಮಾಲು ಸರಿಮಾಡಿಕೊಂಡು ನಕ್ಕೆ. ಪರದೆ ಮಡಚುತ್ತಿದ್ದ ಮೊಮ್ಮಗಳು ಅದನ್ನು ನೋಡಿದಳು.

ಸಂಜೆ ಮನೆಯಲ್ಲಿ ಗೋಧಿ ಹುಗ್ಗಿ. ಎಲ್ಲರೂ ಒಟ್ಟಿಗೆ ಕೂತೆವು. ಅಪ್ಪ ಬೇಕಂತಲೇ ಹಂದರ ಹಾಕಿದ್ದನಂತೆ ಎಂದು ಮಗ ಹೆಮ್ಮೆಯಿಂದ ಹೇಳತೊಡಗಿದ. ಮೊಮ್ಮಗಳು ತುತ್ತು ಎತ್ತದೆ ನನ್ನನ್ನೇ ನೋಡುತ್ತಿದ್ದಳು.

“ಬೇಕಂತ ಹಾಕಿಲ್ಲಪಾ,” ಎಂದೆ. “ನನಗ ತಿಳೀಲೇ ಇಲ್ಲ.”

ಅದು ತನಗೆ ಆಗಲೇ ಗೊತ್ತಿತ್ತು ಎನ್ನುತ್ತ ನನ್ನ ಹೆಂಡತಿ ರೊಟ್ಟಿ ಮುರಿದಳು. ಮೊಮ್ಮಗಳು ಮಾತ್ರ ಬಿಡಲಿಲ್ಲ.

“ನಮ್ಮ ಮುಂದ ಹೇಳಿದ್ರ ಏನ ಬಂತು ಅಜ್ಜಾ? ನಾಳೆ ಚಾವಡ್ಯಾಗ ಹೇಳು.”

ಹೇಳುತ್ತೇನೆ ಎಂದೆ. ಆಗ ತನ್ನ ತಾಟು ಎಳೆದುಕೊಂಡು ನನ್ನ ಬಾಜೂಕ್ಕೆ ಬಂದು ಕೂತಳು. ಸೊಸೆ ಎಲ್ಲರಿಗೂ ಇನ್ನಷ್ಟು ಹುಗ್ಗಿ ಬಡಿಸಿದಳು. ಉಂಡೆವು.